ಐದು ಎಣಿಸುವಷ್ಟು ಹೊತ್ತು

ಹಲ್ಲಿನ ಬಣ್ಣವನ್ನು ಐದು ಎಣಿಸುವಷ್ಟು ಹೊತ್ತು ಮಾತ್ರ ನೋಡಬೇಕು. ಆಮೇಲೆ ಮೇಜಿನ ಮೇಲೆ ಹಾಸಿದ ಬೂದುಬಣ್ಣದ ಬಟ್ಟೆಯ ಕಡೆ ಕಣ್ಣು ಹೊರಳಿಸಿ ಸ್ವಲ್ಪ ಸುಧಾರಿಸಿಕೊಂಡು ಮತ್ತೆ ನೋಡಬೇಕು. ಹೆಚ್ಚು ಹೊತ್ತು ದಿಟ್ಟಿಸಿದರೆ ಕಣ್ಣು ಒಗ್ಗಿಹೋಗುತ್ತದೆ, ಕಂದು ಕಂದಾಗಿ ಕಾಣುವುದಿಲ್ಲ. ಹಲ್ಲಿನ ಆಸ್ಪತ್ರೆಯ ನಜ್ಮಾ ಡಾಕ್ಟರಮ್ಮ ಕಲಿಸಿದ ಮೊದಲ ಪಾಠ ಅದು. ಆ ಬೆಳಿಗ್ಗೆ ಅಂಡಾಲು ಐದರವರೆಗೆ ಹೋಗಲಿಲ್ಲ. ಎರಡಕ್ಕೇ ಕಣ್ಣು ಕಿತ್ತುಕೊಂಡು ಬೂದು ಬಟ್ಟೆಯನ್ನು ನೋಡತೊಡಗಿದಳು, ನೋಡುತ್ತಲೇ ಇದ್ದಳು. ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದ್ದವಳು ಮಣೆಮ್ಮ. ಬೆಳಿಗ್ಗೆ ಚೀಟಿಯಲ್ಲಿ ಆ ಹೆಸರು ಓದಿದಾಗ ಏನೂ ಅನ್ನಿಸಿರಲಿಲ್ಲ. ನಲ್ಗೊಂಡದ ಸುತ್ತಿನ ಊರುಗಳಲ್ಲಿ ಬೀದಿಗೊಬ್ಬಳು ಮಣೆಮ್ಮ ಇರುತ್ತಾಳೆ. ಒಳಗೆ ಬಂದವಳ ಮುಖ ಕಂಡಾಗಲೂ ಗೊತ್ತಾಗಲಿಲ್ಲ. ಕೆನ್ನೆ ತುಂಬಿಕೊಂಡು, ಹಣೆ ಅಗಲವಾಗಿ, ಯಾರದೋ ಮನೆಯ ಸೊಸೆಯ ಮುಖ ಅದು. ಡಾಕ್ಟರಮ್ಮ ತುಟಿ ಸರಿಸುವ ಪ್ಲಾಸ್ಟಿಕ್ ತುಂಡನ್ನು ಇಟ್ಟು ದೀಪ ಇಳಿಸಿದ ಮೇಲೆ ಗೊತ್ತಾಯಿತು. ಎಡಗಡೆಯ ಕೋರೆಹಲ್ಲಿನ ತುದಿಯಲ್ಲಿ ಅಂಟಿಕೊಂಡ ಅವಲಕ್ಕಿಯಂಥ ಬಿಳಿ ಕಲೆ. ಮುಂದಿನ ಹಲ್ಲಿನ ಮೇಲೆ ಮೂರು ಕಂದು ಅಡ್ಡಗೀಟು, ನಡುವಿನದು ದಪ್ಪ. ಅದರ ಪಕ್ಕದ ಹಲ್ಲು ಮುರಿದಿತ್ತು. ಮುಖ ಬದಲಾಗಿತ್ತು, ಬಾಯಿ ಬದಲಾಗಿರಲಿಲ್ಲ.

ಬದಲಾಗುವುದೂ ಇಲ್ಲ. ಎಂಟು ವರ್ಷ ತುಂಬುವ ಮುಂಚೆ ಕುಡಿದ ಫ್ಲೋರೈಡು ತುಂಬಿದ ಬೋರುನೀರು ಹಲ್ಲಿನೊಳಗೆ ಹಾಗೇ ಉಳಿದುಬಿಡುತ್ತದೆ. ಈ ಕಿಟಕಿಯ ಪಕ್ಕ ಕೂತು ಬಣ್ಣ ಹಚ್ಚುವ ಐದು ವರ್ಷದಲ್ಲಿ ಅಂಡಾಲುಗೆ ಹಲ್ಲು ನೋಡಿ ಊರು ಹೇಳುವಷ್ಟು ಅಭ್ಯಾಸವಾಗಿತ್ತು. ಗುಡ್ಡದ ಕಡೆಯವರದು ಸುಣ್ಣದಂಥ ಬಿಳುಪು, ಹಳ್ಳದ ಕಡೆಯವರದು ಹುಣಸೆಹಣ್ಣಿನ ಕಂದು. ಕೃಷ್ಣೆಯ ನೀರು ನಲ್ಲಿಯಲ್ಲಿ ಬಂದ ಮೇಲೆ ಹುಟ್ಟಿದವರದು ಮಾತ್ರ ಯಾವ ಊರಿನದೂ ಅಲ್ಲದ ಹಲ್ಲು. ಮುರಿದ ಹಲ್ಲಿಗೆ ತೊಡಿಸುವ ಕ್ಯಾಪುಗಳು ಹೈದರಾಬಾದಿನಿಂದ ತಯಾರಾಗಿ ಬರುತ್ತಿದ್ದವು, ಆದರೆ ಅಲ್ಲಿಯವರಿಗೆ ಈ ಬಣ್ಣ ಹಚ್ಚಲು ಬರುತ್ತಿರಲಿಲ್ಲ. ಮೊದಮೊದಲು ಫೋಟೋ ಕಳಿಸಿದರೆ ಅವರು ಫೋನು ಮಾಡಿ, ‘ಮೇಡಂ, ಪೇಷೆಂಟಿಗೆ ಹಲ್ಲುಜ್ಜಿಸಿ ಇನ್ನೊಂದು ಫೋಟೋ ತೆಗೀರಿ’ ಎಂದಿದ್ದರಂತೆ. ಡಾಕ್ಟರಮ್ಮ ಅದನ್ನು ಎಲ್ಲರಿಗೂ ಹೇಳಿ ನಗುತ್ತಿದ್ದರು. ಕೊನೆಗೆ ಅವರೇ ಅನ್ನದ ಕುಕ್ಕರಿನಷ್ಟು ದೊಡ್ಡ ಕುಲುಮೆಯೊಂದನ್ನೂ ಬಣ್ಣದ ಪುಡಿಗಳನ್ನೂ ತರಿಸಿ, ಹೆಚ್ಚು ಮಾತಾಡದ ಹುಡುಗಿಯಾದರೂ ಕೈ ನಡುಗುವುದಿಲ್ಲ ಎಂದು ಅಂಡಾಲುವನ್ನು ಕೂರಿಸಿದರು. ಬರಿಯ ಬಿಳಿ ಕ್ಯಾಪು ಬರುತ್ತದೆ. ಪಕ್ಕದ ಹಲ್ಲು ನೋಡಿಕೊಂಡು ಅದರ ಮೇಲೆ ಕಲೆ ಬರೆಯುವುದು, ಸುಡುವುದು, ಹೊಂದಿಸಿ ನೋಡುವುದು ಅವಳ ಕೆಲಸ.

‘ಡಾಕ್ಟರಮ್ಮಾ, ತಪ್ಪು ನಂದಲ್ಲ,’ ಎಂದಳು ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತಿದ್ದ ಮುದುಕಿ. ಮಣೆಮ್ಮನ ಅತ್ತೆ, ಎಲ್ಲಮ್ಮ. ‘ಸಂಕ್ರಾಂತಿಗೆ ಎಲ್ಲರ ಮನೇಲೂ ಅಕ್ಕಿಹಿಟ್ಟಿನ ಸಕಿನಾಲು ಕರೀತಾರೆ. ಯಾರ ಹಲ್ಲೂ ಮುರಿಯಲ್ಲ.’

ಡಾಕ್ಟರಮ್ಮ ಪ್ಲಾಸ್ಟಿಕ್ ತುಂಡು ತೆಗೆದರು. ಮಣೆಮ್ಮ ತುಟಿ ಒರೆಸಿಕೊಂಡು, ‘ಎಲ್ಲರ ಮನೇದು ಸಕಿನಾಲು. ನಮ್ಮತ್ತೆದು ಲಾರಿ ಬೇರಿಂಗು,’ ಎಂದಳು.

‘ನಾನು ಹತ್ತು ತಿಂದೆನಲ್ಲೇ!’

‘ನಿಂಗೆ ಹಲ್ಲೆಲ್ಲಿದೆ ಮುರಿಯೋಕೆ? ಟೀಯಲ್ಲಿ ನೆನೆಸಿಕೊಂಡು ನುಂಗ್ತೀಯ.’

‘ನಂದೇ ವಾಸಿ,’ ಎಂದು ಮುದುಕಿ ಒಸಡು ಬಿಟ್ಟು ನಕ್ಕಳು. ‘ಒಂದೂ ಇಲ್ಲ. ಬಣ್ಣ ಹುಡುಕೋ ರಗಳೆಯೂ ಇಲ್ಲ.’

ಅದೇ ದನಿ. ಒಡೆದ ಕೊಳಲಿನಂತೆ ಕೊನೆಯಲ್ಲಿ ಸ್ವಲ್ಪ ಗಾಳಿ ಬಿಟ್ಟುಕೊಳ್ಳುವ ಮಣೆಮ್ಮನ ದನಿ. ಅಂಡಾಲು ಮಾಸ್ಕನ್ನು ಮೂಗಿನ ಮೇಲಕ್ಕೆ ಇನ್ನಷ್ಟು ಎಳೆದುಕೊಂಡಳು. ತಲೆಗೆ ಟೋಪಿ, ಕಣ್ಣಿಗೆ ದಪ್ಪ ಗಾಜು. ತನ್ನನ್ನು ಗುರುತಿಸಲು ಅವಳಿಗೆ ಏನೂ ಸಿಗದು. ಡಾಕ್ಟರಮ್ಮ ಎಲ್ಲರನ್ನೂ ಕರೆಯುವಂತೆ ತನ್ನನ್ನೂ ‘ಬೇಟಾ’ ಎಂದೇ ಕರೆಯುತ್ತಾರೆ, ಹೆಸರು ಹೇಳುವುದಿಲ್ಲ. ಇವತ್ತು ಮಧ್ಯಾಹ್ನದವರೆಗೆ ಬಾಯಿ ಬಿಡದೆ ಕಳೆದರೆ ಸಾಕು. ಇಪ್ಪತ್ತು ವರ್ಷಗಳಿಂದ ಎಷ್ಟು ಸಲ ಮಲಗುವ ಮುಂಚೆ ಇವಳನ್ನು ಎದುರಿಗೆ ತಂದುಕೊಂಡು, ಒಂದು ಮಾತು ಹೇಳಿ, ಆಮೇಲೆ ನಿದ್ದೆ ಹೋಗಿದ್ದಾಳೆ. ಇವತ್ತು ಎದುರಿಗೆ ಬಂದಿದ್ದಾಳೆ, ತಾನು ಮಧ್ಯಾಹ್ನವಾಗುವುದನ್ನು ಕಾಯುತ್ತಿದ್ದಾಳೆ.

‘ಏನಮ್ಮಾ, ಯಾವ ಬಣ್ಣ ಇರಲಿ?’ ಡಾಕ್ಟರಮ್ಮ ಕೇಳಿದರು. ‘ಬರೋರೆಲ್ಲ ಬಿಳೀದೇ ಬೇಕು ಅಂತಾರೆ.’

‘ನಂದೇ ಬಣ್ಣ ಇರಲಿ ಅಮ್ಮಾ. ಒಂದು ಬೆಳ್ಳಗಾದ್ರೆ ಉಳಿದವೆಲ್ಲ ಕೊಳಕು ಅನ್ನಿಸ್ಕೊಳ್ತವೆ. ನಾನು ಸ್ಕೂಲಲ್ಲಿ ಮಧ್ಯಾಹ್ನದ ಅಡುಗೆ ಮಾಡೋಳು. ಈಗಿನ ಮಕ್ಕಳದು ಮುತ್ತಿನಂಥ ಹಲ್ಲು. ಅನ್ನ ಬಡಿಸ್ತಾ ಬಗ್ಗಿದ್ರೆ ಸಾಕು, ಅಕ್ಕಾ ನೀನು ಹಲ್ಲುಜ್ಜಲ್ವಾ ಅಂತಾವೆ. ಇದು ಕೊಳೆ ಅಲ್ರೋ, ನಮ್ಮೂರ ಹಳೇ ನೀರು ಅಂತ ದಿನಾ ಹೇಳ್ತೀನಿ. ಈಗ ನಾನೇ ಒಂದನ್ನ ಬೆಳ್ಳಗೆ ಮಾಡಿಸ್ಕೊಂಡು ಹೋದ್ರೆ?’

‘ಬೇಟಾ, ಕೇಳಿದೆಯಲ್ಲ? ಬಣ್ಣ ನೋಡ್ಕೊ, ಬಾಯಿ ಒಣಗೋ ಮುಂಚೆ.’

ಅದು ಎರಡನೆಯ ಪಾಠ. ಬಾಯಿ ತೆರೆದಿಟ್ಟಷ್ಟು ಹೊತ್ತೂ ಹಲ್ಲು ಒಣಗುತ್ತ ಹೋಗುತ್ತದೆ, ಒಣಗಿದಷ್ಟೂ ಬೆಳ್ಳಗೆ ಕಾಣುತ್ತದೆ. ಅಂಡಾಲು ತಲೆಯಾಡಿಸಿ, ಕುಂಚ ತೊಳೆಯಬೇಕೆಂದು ಕೈಸನ್ನೆ ಮಾಡಿ ಒಳಗೆ ಹೋದಳು. ಕುಂಚ ತೊಳೆದೇ ಇತ್ತು. ನಲ್ಲಿ ಬಿಟ್ಟು ಮತ್ತೆ ತೊಳೆದಳು. ನೀರು ಹರಿಯುವ ಸದ್ದಿನಲ್ಲಿ ಶಾಲೆಯ ಬೇವಿನ ಮರದ ಕೆಳಗಿನ ಸಾಲು ಕಂಡಿತು. ಪಟ್ಟಣದಿಂದ ಕ್ಯಾಮೆರಾ ತಂದವರು ಇಬ್ಬರು. ಪಿಟಿ ಮಾಸ್ತರರ ಕೈಯಲ್ಲಿ ಅಡುಗೆಮನೆಯಿಂದ ತರಿಸಿದ ಎರಡು ಸ್ಟೀಲು ಚಮಚ. ಒಂದನ್ನು ಈ ಕಡೆಯ ಕೆನ್ನೆಗೆ, ಇನ್ನೊಂದನ್ನು ಆ ಕಡೆಯ ಕೆನ್ನೆಗೆ ಹಾಕಿ ಎಳೆದರೆ ಒಸಡು ಸಮೇತ ಎಲ್ಲ ಹಲ್ಲೂ ಹೊರಗೆ. ‘ನೀರಿನ ದೋಷ ಸರಕಾರಕ್ಕೆ ಕಾಣಬೇಕು ಮಕ್ಕಳೇ, ನಾಚಿಕೆ ಪಡಬೇಡಿ,’ ಎನ್ನುತ್ತಿದ್ದರು ಮಾಸ್ತರರು. ಎಂಟನೆಯ ತರಗತಿಯ ಹುಡುಗರು ಕಾಂಪೌಂಡಿನ ಮೇಲೆ ಕೂತು ನೋಡುತ್ತಿದ್ದರು. ಸಾಲಿನಲ್ಲಿ ಅಂಡಾಲು ಮುಂದೆ, ಮಣೆಮ್ಮ ಹಿಂದೆ. ಇಬ್ಬರ ಕಿರುಬೆರಳುಗಳು ಕೊಂಡಿ ಹಾಕಿಕೊಂಡಿದ್ದವು. ಚಮಚ ಹತ್ತಿರ ಬಂದಾಗ ಅದರ ಬೆನ್ನಿನಲ್ಲಿ ತನ್ನ ಬಾಯಿ ಉದ್ದವಾಗಿ, ಕುದುರೆಯ ಬಾಯಿಯಂತೆ ಕಂಡಿತು. ಕಿರುಬೆರಳು ಬಿಡಿಸಿಕೊಂಡು, ಹಿಂದೆ ಸರಿದು, ಮಣೆಮ್ಮನ ಬೆನ್ನಿಗೆ ಅಂಗೈ ಇಟ್ಟು ಮುಂದೆ ನೂಕಿದಳು. ‘ಸಾರ್, ಇವಳದು ನನ್ನದಕ್ಕಿಂತ ಕೆಟ್ಟದು. ಇವಳದು ತೆಗೀರಿ.’ ಕೆಟ್ಟದೇನೂ ಆಗಿರಲಿಲ್ಲ. ಒಂದೇ ಬೋರಿನ ನೀರು ಕುಡಿದ ಬಾಯಿಗಳು ಅವು.

ಆ ಚಿತ್ರ ದೊಡ್ಡದಾಗಿ ಅಚ್ಚಾಗಿ ಬಂತು. ಶಾಲೆಯ ಗೋಡೆಗೆ, ಬಸ್ಸು ನಿಲ್ಲುವ ಕಡೆ, ಸರಕಾರಿ ಕಚೇರಿಯ ಬಾಗಿಲಿಗೆ. ಕಣ್ಣಿಲ್ಲ, ಮೂಗಿಲ್ಲ, ಬರಿಯ ಬಾಯಿ. ಆದರೂ ನೆಮಿಲಿಗೂಡೆಂ ಊರಿಗೆ ಊರೇ ಅದು ಯಾರ ಬಾಯಿ ಎಂದು ಹೇಳುತ್ತಿತ್ತು. ಹುಡುಗರು ಮಣೆಮ್ಮನಿಗೆ ‘ಗೋಡೆ’ ಎಂದು ಹೆಸರಿಟ್ಟರು. ಮಣೆಮ್ಮ ದಿನವೂ ಆ ಗೋಡೆಯ ಪಕ್ಕದಲ್ಲೇ ನಡೆದು ಬಂದು ಬೆಂಚಿನಲ್ಲಿ ಅಂಡಾಲುವಿನ ಪಕ್ಕ ಕೂರುತ್ತಿದ್ದಳು, ಬುತ್ತಿಯ ಉಪ್ಪಿನಕಾಯಿ ಹಂಚುತ್ತಿದ್ದಳು. ಆ ಉಪ್ಪಿನಕಾಯಿ ನುಂಗಲಾಗದೆ ಅಂಡಾಲು ತಲೆನೋವು ಎಂದು ಒಂದು ದಿನ ಶಾಲೆ ತಪ್ಪಿಸಿದಳು. ಒಂದು ವಾರ, ಒಂದು ತಿಂಗಳು, ಆಮೇಲೆ ಅಪ್ಪನಿಗೆ ಪಟ್ಟಣದ ಅಕ್ಕಿ ಗಿರಣಿಯಲ್ಲಿ ಕೆಲಸ ಸಿಕ್ಕಿತು. ಓದು ತಲೆಗೆ ಹತ್ತಲಿಲ್ಲ ಎಂದು ಅಮ್ಮ ಎಲ್ಲರಿಗೂ ಹೇಳಿಕೊಂಡು ಬಂದಳು. ಅಂಡಾಲು ಅದನ್ನು ತಿದ್ದಲಿಲ್ಲ.

ಹೊರಗೆ ಬಂದಾಗ ಮಣೆಮ್ಮ ಹತ್ತಿ ತುಂಬಿದ ಬಾಯಿ ತೆರೆದುಕೊಂಡು ಛಾವಣಿ ನೋಡುತ್ತಿದ್ದಳು. ಎಷ್ಟು ಹೊತ್ತಾಗಿತ್ತೋ. ಹಲ್ಲುಗಳು ಒಣಗಿ ಸೀಮೆಸುಣ್ಣದಂತಾಗಿದ್ದವು, ಗೀಟುಗಳು ಮಸುಕಾಗಿದ್ದವು. ಬಾಯಿ ಮುಕ್ಕಳಿಸಿ ಹತ್ತು ನಿಮಿಷ ಕೂರಿ ಎನ್ನಬೇಕಿತ್ತು. ಎನ್ನಲು ದನಿ ಬೇಕಿತ್ತು. ಅಂಡಾಲು ಬಗೆಬಗೆ ಬಣ್ಣದ ಮಾದರಿ ಹಲ್ಲುಗಳ ಪಟ್ಟಿಯನ್ನು ಹಿಡಿದು ನೋಡಿ, ಕಂಡದ್ದನ್ನೇ ಬರೆದುಕೊಂಡು ಮೇಜಿಗೆ ಬಂದಳು.

ಕ್ಯಾಪನ್ನು ಇಕ್ಕುಳದ ತುದಿಗೆ ಸಿಕ್ಕಿಸಿ, ಗಾಜಿನ ಬಿಲ್ಲೆಯ ಮೇಲೆ ಕಂದು, ಕೇಸರಿ, ಬೂದು ಪುಡಿಗಳನ್ನು ಕಲಸಿದಳು. ಒಂದು ಗೀಟು. ಎರಡನೆಯದು. ನಡುವಿನ ದಪ್ಪ ಗೀಟಿಗೆ ಕುಂಚ ಎತ್ತಿದಾಗ ಕೈ ನಿಂತಿತು. ಇಷ್ಟು ಸಾಕಲ್ಲ? ಗೋಡೆಯ ಮೇಲೆ ಎಲ್ಲರೂ ಬೆರಳಿಟ್ಟು ತೋರಿಸುತ್ತಿದ್ದುದು ಆ ನಡುವಿನ ಗೀಟನ್ನೇ. ಅದಿಲ್ಲದ ಒಂದು ಹಲ್ಲಾದರೂ ಅವಳ ಬಾಯಲ್ಲಿರಲಿ. ಕೇಳದೆ ಬಂದರೂ ಯಾರಿಗೆ ಬೇಡವಾದೀತು? ಹಾಗೆ ಅಂದುಕೊಂಡಾಗ ಕಣ್ಣು ಬೆಚ್ಚಗಾಯಿತು, ತನ್ನ ಒಳ್ಳೆಯತನಕ್ಕೆ ತಾನೇ ಕರಗಿದಳು. ಮಾತಿಗಿಂತ ಇದು ಹೆಚ್ಚಲ್ಲವೇ, ಮಾತು ಯಾರು ಬೇಕಾದರೂ ಆಡುತ್ತಾರೆ. ಕುಂಚ ಒರೆಸಿ ಕ್ಯಾಪನ್ನು ಕುಲುಮೆಯೊಳಗೆ ಇಟ್ಟಳು. ಪುಟ್ಟ ಬಾಗಿಲು ಮುಚ್ಚಿಕೊಂಡು ಒಳಗೆ ಕೆಂಪಾಯಿತು.

ಡಾಕ್ಟರಮ್ಮ ಕ್ಯಾಪು ಕೂರಿಸಿ, ಕೈಗನ್ನಡಿ ಕೊಟ್ಟು, ಮಣೆಮ್ಮನನ್ನು ಕಿಟಕಿಯ ಬೆಳಕಿಗೆ ಕರೆದರು. ಮಣೆಮ್ಮ ನೋಡಿಕೊಂಡಳು. ತುಟಿ ಮುಚ್ಚಿದಳು. ಮತ್ತೆ ತೆರೆದು ನೋಡಿಕೊಂಡಳು.

ಮುದುಕಿ ಎದ್ದು ಬಂದು ಬಗ್ಗಿ ನೋಡಿದಳು. ‘ಹಬ್ಬಕ್ಕೆ ಮನೆಗೆಲ್ಲ ಸುಣ್ಣ ಹೊಡೆಯೋಕೆ ಆಗದೆ ಬಾಗಿಲ ಪಕ್ಕದ ಗೋಡೆಗೆ ಮಾತ್ರ ಹೊಡೆದಂಗಿದೆ ಬಿಡು.’

‘ಸುಮ್ನಿರತ್ತೆ.’ ಮಣೆಮ್ಮನ ದನಿಯ ಕೊನೆಯಲ್ಲಿ ಗಾಳಿ ಹೆಚ್ಚಾಯಿತು. ಕನ್ನಡಿಯನ್ನು ಮೊಣಕಾಲ ಮೇಲೆ ಮಗುಚಿ ಇಟ್ಟು, ಮೊದಲ ಸಲ ಅಂಡಾಲುವಿನ ಕಡೆ ತಿರುಗಿದಳು. ‘ತಂಗಿ, ನೀನಾ ಬಣ್ಣ ಹಾಕಿದ್ದು? ನಂದೇ ಬಣ್ಣ ಇರಲಿ ಅಂದಿದ್ದೆ. ಅಷ್ಟು ಕೆಟ್ಟದಾಗಿ ಕಾಣ್ತಾ ನಿಂಗೆ ನಂದು?’

ಅಂಡಾಲು ಬೂದು ಬಟ್ಟೆಯನ್ನು ನೋಡಿದಳು. ಕೆಟ್ಟದು. ತಾನು ಯಾವ ಬಾಯಿಗೆ ಅಂದಿದ್ದಳೋ ಅದೇ ಬಾಯಿಂದ ಆ ಪದ ತಿರುಗಿ ಬಂದಿತ್ತು, ಅವಳಿಗೇ ಗೊತ್ತಿಲ್ಲದೆ.

‘ಒಣಗಿದ ಮೇಲೆ ಬಣ್ಣ ನೋಡಿದ್ದೀಯ,’ ಎಂದರು ಡಾಕ್ಟರಮ್ಮ, ಮೆಲ್ಲಗೇ. ‘ಮೊದಲನೇ ವಾರ ಕಲಿಸಿದ್ದು ಬೇಟಾ. ಇವತ್ತೇನಾಗಿದೆ ನಿನಗೆ?’

ಒಣಗಿದ್ದಕ್ಕೇ ಹೀಗಾಯಿತು ಎಂದು ಅಂಡಾಲು ತಲೆಯಾಡಿಸಿದಳು. ಸಿದ್ಧವಾದ ತಪ್ಪೊಂದು ಕೈಗೆ ಸಿಕ್ಕಿತ್ತು, ಅದರ ಹಿಂದೆ ನಿಂತುಕೊಂಡಳು. ಇಲ್ಲೂ ಯಾರನ್ನೋ ಮುಂದೆ ನೂಕಿ ನಿಂತಂತೆಯೇ ಅನ್ನಿಸಿತು.

ಕ್ಯಾಪು ಬಿಚ್ಚಿಸಿಕೊಂಡು ಮಣೆಮ್ಮ ಎರಡು ಲೋಟ ನೀರು ಕುಡಿದಳು. ಹಲ್ಲು ಮತ್ತೆ ತೇವಕ್ಕೆ ಬರಲಿ ಎಂದು ಡಾಕ್ಟರಮ್ಮ ಅವಳನ್ನು ಕಿಟಕಿಯ ಬಳಿ ಅಂಡಾಲುವಿನ ಎದುರಿಗೇ ಕೂರಿಸಿ, ಇನ್ನೊಬ್ಬ ರೋಗಿಯ ಕಡೆ ಹೋದರು. ಇಬ್ಬರ ಮೊಣಕಾಲುಗಳ ನಡುವೆ ಗೇಣಿನಷ್ಟು ಜಾಗವಿತ್ತು. ‘ಈ ಸಲ ಸರಿಯಾಗಿ ನೋಡು ತಂಗಿ,’ ಎಂದು ಮಣೆಮ್ಮ ತಾನೇ ಎರಡು ಬೆರಳಿನಿಂದ ತುಟಿ ಎತ್ತಿ ಹಿಡಿದಳು. ಒಂದು. ಎರಡು. ಮೂರು. ಬರೀ ಕಂದು ಅಲ್ಲ ಅದು. ಗೀಟಿನ ಅಂಚಿನಲ್ಲಿ ಜೇನಿನ ಬಣ್ಣ, ಅದರ ಕೆಳಗೆ ಬೂದಿ, ಒಸಡಿನ ಹತ್ತಿರ ತಿಳಿ ಹಸಿರು ಅನ್ನಬಹುದಾದ ಏನೋ. ನಾಲ್ಕು. ಐದು. ಚಿಕ್ಕಂದಿನಲ್ಲಿ ಇಷ್ಟು ಹತ್ತಿರ ಕೂತು ನಕ್ಕಾಗಲೂ ಇದನ್ನು ನೋಡಿರಲಿಲ್ಲ. ಇವಳ ಬಾಯಿ ಅಂತ ಇಷ್ಟು ವರ್ಷ ತಲೆಯಲ್ಲಿ ಇಟ್ಟುಕೊಂಡದ್ದು ಗೋಡೆಯ ಮೇಲಿನ ಚಿತ್ರವನ್ನು.

ಕ್ಯಾಪಿನ ಮೇಲೆ ಗೀಟು ಎಳೆಯತೊಡಗಿದಾಗ ಮಣೆಮ್ಮ ಬಗ್ಗಿ ನೋಡುತ್ತ ಕೂತಳು. ‘ಅಬ್ಬಾ, ರಂಗೋಲಿ ಥರ ಬರೀತೀಯಲ್ಲ. ಅತ್ತೆ, ಬಾ ನೋಡು.’

‘ನೋಡಿದೆ ನೋಡಿದೆ. ನಮ್ಮ ಕಾಲದಲ್ಲಿ ಇದನ್ನ ತಿಕ್ಕಿ ತೆಗೆಯೋಕೆ ಇದ್ದಿಲು, ಇಟ್ಟಿಗೆ ಪುಡಿ, ಉಪ್ಪು. ಈಗ ಡಾಕ್ಟರ ಹತ್ರ ಬಂದು ಬರೆಸ್ಕೊಳ್ತಾರೆ,’ ಎಂದು ಮುದುಕಿ ಕಣ್ಣು ಮುಚ್ಚಿದಳು.

‘ಇದರದೊಂದು ಕತೆ ಇದೆ ತಂಗಿ,’ ಎಂದಳು ಮಣೆಮ್ಮ. ‘ನಮ್ಮೂರಿಗೆ ನೀರು ಬಂದದ್ದೇ ಈ ಹಲ್ಲಿಂದ. ನಗಬೇಡ. ಪಟ್ಟಣದೋರು ಫೋಟೋ ಹಿಡಿಯೋಕೆ ಬಂದಾಗ ಸಾಲಲ್ಲಿ ನನ್ನ ಮುಂದೆ ಅಂಡಾಲು ಅಂತ ಒಬ್ಬಳಿದ್ದಳು. ನನ್ನ ಜೊತೆಗಾತಿ. ಚಮಚ ನೋಡೇ ಮೈಯೆಲ್ಲ ನಡುಗ್ತಿತ್ತು ಅವಳಿಗೆ. ಹಿಂದಿಂದ ನನ್ನನ್ನ ಒಂದು ನೂಕು ನೂಕಿದಳು ನೋಡು, ಸೀದಾ ಕ್ಯಾಮೆರಾ ಮುಂದೆ ಹೋಗಿ ನಿಂತೆ! ಅವಳು ನೂಕದಿದ್ರೆ ನಾನೂ ಓಡಿಹೋಗ್ತಿದ್ದೆ. ಆ ಫೋಟೋ ಎಲ್ಲೆಲ್ಲೋ ಹೋಯ್ತು. ಹುಡುಗರು ಗೋಡೆ ಗೋಡೆ ಅಂತ ರೇಗಿಸ್ತಿದ್ರು, ಅತ್ತೂ ಅತ್ತೂ ಸಾಕಾಯ್ತು. ಆದ್ರೆ ಆರು ವರ್ಷಕ್ಕೆ ನಲ್ಲೀಲಿ ಕೃಷ್ಣೆ ನೀರು ಬಂತಾ ಇಲ್ವಾ? ಈಗ ಅದೇ ಹುಡುಗರ ಮಕ್ಕಳಿಗೆ ಅನ್ನ ಬಡಿಸ್ತೀನಿ, ಬೆಳ್ಳಗೆ ನಗ್ತಾವೆ. ನೀರು ಬಂದದ್ದು ಫೋಟೋದಿಂದಲೋ ಏನೋ, ನಾನಂತೂ ಹಾಗೇ ಅಂದ್ಕೊಂಡಿದ್ದೀನಿ.’

ಕುಂಚದ ತುದಿ ಗೀಟಿನ ಕೊನೆಯಲ್ಲಿ ನಿಂತಿತ್ತು. ನೂಕಿದ್ದು ಅವಳಿಗೆ ನೆನಪಿದೆ. ಮಾತು? ಆ ಮಾತನ್ನು ಅವಳು ಕೇಳಿಸಿಕೊಂಡೇ ಇರಲಿಲ್ಲವೋ, ಮರೆತಳೋ, ಮರೆತಂತೆ ಹೇಳುತ್ತಿದ್ದಾಳೋ. ಕತೆಯಲ್ಲಿ ಅದು ಇರಲಿಲ್ಲ. ಹಾಗಾದರೆ ಈ ಲೋಕದಲ್ಲಿ ಆ ಮಾತು ಇರುವುದು ತನ್ನೊಬ್ಬಳ ಹತ್ತಿರವೇ. ಹಗುರವಾಗಬೇಕಿತ್ತು. ಹಗುರವಾಗಲಿಲ್ಲ. ಕ್ಷಮಿಸಬೇಕಾದವಳಿಗೆ ಕ್ಷಮಿಸಲು ಏನೂ ಇರಲಿಲ್ಲ. ಅದನ್ನು ಕೊಡಬೇಕೆಂದರೆ ತಾನೇ ಮೊದಲು ಆ ಮಾತನ್ನು ಅವಳ ಕಿವಿಗೆ ಹಾಕಬೇಕು, ಈ ಚಂದದ ಕತೆ ಕೆಡಿಸಬೇಕು. ಹೇಳದಿರಲು ಇದೂ ಒಂದು ನೆಪವಾಯಿತಲ್ಲ ಎಂದುಕೊಂಡಳು.

‘ಅವಳು ಎಲ್ಲಿದ್ದಾಳೋ,’ ಎಂದಳು ಮಣೆಮ್ಮ. ‘ಇದ್ದಕ್ಕಿದ್ದಂಗೆ ಸ್ಕೂಲು ಬಿಟ್ಟಳು. ಉಪ್ಪಿನಕಾಯಿ ಅಂದ್ರೆ ಪ್ರಾಣ ಅವಳಿಗೆ.’

ಅಂಡಾಲು ಕ್ಯಾಪನ್ನು ಕುಲುಮೆಗೆ ಇಟ್ಟಳು. ಅದು ಸುಟ್ಟು ಆರುವವರೆಗೆ ಮಾಸ್ಕಿನೊಳಗೆ ನಾಲಿಗೆ ತನ್ನ ಮೇಲಿನ ಹಲ್ಲುಗಳನ್ನು ಸವರುತ್ತಿತ್ತು. ಆರು ಕ್ಯಾಪು, ಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲಿನ ಬಿಳಿ. ಮೂರು ವರ್ಷದ ಹಿಂದೆ ಡಾಕ್ಟರಮ್ಮ ಹಾಕಿಕೊಟ್ಟದ್ದು. ‘ಹಲ್ಲಿನ ಆಸ್ಪತ್ರೇಲಿ ಕೂರೋಳ ಹಲ್ಲು ಹೀಗಿದ್ರೆ ಹೇಗೆ ಬೇಟಾ,’ ಎಂದು ನಕ್ಕಿದ್ದರು. ಅವುಗಳಿಗೆ ಅಂಡಾಲು ಒಂದು ಗೀಟನ್ನೂ ಬರೆಯಲಿಲ್ಲ. ಆ ಸಂಜೆ ಅಮ್ಮ ಅನ್ನಕ್ಕೆ ಸಾರು ಬಡಿಸುತ್ತ ಬಡಿಸುತ್ತ ನಿಂತು, ‘ಯಾರ ಮಗಳೋ ಅನ್ನಿಸ್ತೀಯ,’ ಎಂದಿದ್ದಳು, ತನ್ನ ಕಂದು ಹಲ್ಲಿನಲ್ಲಿ ನಗುತ್ತ. ಕೆಳಗಿನ ಸಾಲು ಹಾಗೇ ಉಳಿಯಿತು. ಮೇಲಿನ ತುಟಿಯನ್ನಷ್ಟೇ ಎತ್ತಿ ನಗುವುದನ್ನು ಕನ್ನಡಿಯ ಮುಂದೆ ಕಲಿತಳು.

ಈ ಸಲ ಕ್ಯಾಪು ಕೂತಾಗ ಡಾಕ್ಟರಮ್ಮ ಕೂಡ ಎರಡು ಸಲ ಬಗ್ಗಿ ನೋಡಿ, ‘ಶಾಭಾಸ್’ ಎಂದರು. ಮುದುಕಿ ಯಾವುದು ಹೊಸದೆಂದು ಬೆರಳಿಟ್ಟು ತೋರಿಸಲು ಹೋಗಿ ತಪ್ಪು ಹಲ್ಲಿಗೆ ಇಟ್ಟಳು. ‘ಅಯ್ಯೋ, ಹಳೇ ಸೊಸೆಯೇ ವಾಪಸ್ ಬಂದಳಲ್ಲಪ್ಪ!’ ಮಣೆಮ್ಮ ಕನ್ನಡಿ ಬಿಡದೆ ನಕ್ಕಳು, ತುಟಿಗೆ ಕೈ ಅಡ್ಡ ತರದೆ ನಕ್ಕಳು. ಅಂಟು ಹಾಕಿ, ಕಚ್ಚಿಸಿ, ಎಲ್ಲ ಮುಗಿಸಿ ಡಾಕ್ಟರಮ್ಮ ಕೈ ತೊಳೆಯಲು ಹೋದರು. ಮುದುಕಿ ಚಪ್ಪಲಿ ಹುಡುಕುತ್ತ ಹೊರಗೆ ನಡೆದಳು. ಮಣೆಮ್ಮ ಮಾತ್ರ ಮೇಜಿನ ಬಳಿ ಬಂದು ನಿಂತಳು.

‘ಒಂದ್ಸಲ ಮುಖ ತೋರಿಸು ತಂಗಿ. ಅರ್ಧ ದಿನ ನನ್ನ ಬಾಯೊಳಗೇ ಇದ್ದೆ, ನಾನು ನಿನ್ನ ಮುಖ ನೋಡ್ಲೇ ಇಲ್ಲ.’

ಬೇರೆ ದಾರಿ ಇರಲಿಲ್ಲ. ಇತ್ತು, ಆದರೆ ಅಂಡಾಲುವಿನ ಕೈ ಆಗಲೇ ಮಾಸ್ಕನ್ನು ಗದ್ದಕ್ಕೆ ಇಳಿಸಿತ್ತು. ಮೇಲಿನ ತುಟಿ ಎತ್ತಿ ನಕ್ಕಳು, ಕಲಿತದ್ದೇ ನಗು. ಗುರುತಿಸಲಿ, ಎಂದಿತು ಒಳಗಿನ ಒಂದು ಭಾಗ. ಅವಳೇ ಗುರುತಿಸಿದರೆ ತಾನು ಹೇಳುವ ಕಷ್ಟವಿಲ್ಲ.

‘ಎಷ್ಟು ಚೆನ್ನಾಗಿವೆ ಹಲ್ಲು!’ ಎಂದಳು ಮಣೆಮ್ಮ, ಮನಸಾರೆ. ‘ಹುಟ್ಟಿದಾಗಿಂದ ಒಳ್ಳೇ ನೀರು ಕುಡಿದೋಳು. ಯಾವೂರು ನಿಂದು?’

ನೆಮಿಲಿಗೂಡೆಂ ಎಂಬ ಹೆಸರು ಗಂಟಲಿನವರೆಗೆ ಬಂದದ್ದು ಅವಳಿಗೆ ತಿಳಿಯಿತು. ಅಷ್ಟು ಹೇಳಿದರೆ ಸಾಕಿತ್ತು, ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತಿತ್ತು.

‘ಹೈದರಾಬಾದ್,’ ಎಂದಳು ಅಂಡಾಲು.

ಹೇಳಲು ಬಾಯಿ ತೆರೆಯಬೇಕಾಯಿತು. ಬೆಳಿಗ್ಗೆಯಿಂದ ಆಡಿದ ಮೊದಲ ಮಾತು ಅದು. ಕೆಳಗಿನ ಹಲ್ಲುಗಳನ್ನು ಮುಚ್ಚಿಡುವ ಅಭ್ಯಾಸ ಕೆಳಗಿನ ತುಟಿಗೆ ತಪ್ಪಿತ್ತು. ಮಣೆಮ್ಮನ ಕಣ್ಣು ಇಳಿದು ಕೆಳಗಿನ ಸಾಲಿನ ಮೇಲೆ ನಿಂತಿತು. ಹುಣಸೆಹಣ್ಣಿನ ಕಂದು, ಬೂದಿ, ಜೇನು. ಊರು ಓದಲು ಅವಳಿಗೆ ಪಟ್ಟಿ ಬೇಕಾಗಿರಲಿಲ್ಲ. ಅಂಡಾಲು ಬಾಯಿ ಮುಚ್ಚುವುದನ್ನು ಮರೆತು ಒಳಗೇ ಎಣಿಸಿದಳು. ಮೂರು. ನಾಲ್ಕು. ಐದು. ಆಮೇಲೆ ಮಣೆಮ್ಮ, ಯಾರೋ ಕಲಿಸಿಕೊಟ್ಟವಳಂತೆ, ಕಣ್ಣನ್ನು ಮೇಜಿನ ಮೇಲಿನ ಬೂದು ಬಟ್ಟೆಗೆ ಸರಿಸಿದಳು. ಅಲ್ಲೇ ಸ್ವಲ್ಪ ಹೊತ್ತು ಇಟ್ಟಳು. ಮತ್ತೆ ಮೇಲೆತ್ತಲಿಲ್ಲ.

‘ಒಳ್ಳೇ ಊರು,’ ಎಂದಳು. ‘ಅಲ್ಲಿ ನೀರು ಚೆನ್ನಾಗಿರುತ್ತಂತೆ.’

ಸೆರಗು ಸರಿಮಾಡಿಕೊಂಡು, ಅತ್ತೆಯನ್ನು ಕರೆಯುತ್ತ, ಬಾಗಿಲು ದಾಟಿ ಹೋದಳು.

ಕಿಟಕಿಯ ಹೊರಗೆ ರಸ್ತೆಯ ಆಚೆ ಬದಿಯಲ್ಲಿ ಇಬ್ಬರೂ ಆಟೋಗೆ ನಿಂತರು. ಮುದುಕಿ ಕೈಯಾಡಿಸಿ ಏನೋ ಹೇಳಿದಳು, ಮಣೆಮ್ಮ ತಲೆ ಹಿಂದಕ್ಕೆ ಹಾಕಿ ಬಾಯಿ ತುಂಬ ನಕ್ಕಳು, ಮಧ್ಯಾಹ್ನದ ಬಿಸಿಲು ನೇರ ಬಾಯೊಳಗೆ ಬೀಳುವಂತೆ. ಅಂಡಾಲು ಕಣ್ಣು ಕಿರಿದುಮಾಡಿ ಹುಡುಕಿದಳು. ತಾನು ಬರೆದದ್ದು ಯಾವುದು ಎಂದು ತಿಳಿಯಲಿಲ್ಲ. ಮಾಸ್ಕನ್ನು ಮೂಗಿನವರೆಗೆ ಎಳೆದುಕೊಂಡಳು. ಕೋಣೆಯಲ್ಲಿ ಯಾರೂ ಇರಲಿಲ್ಲ.